ಭಾರ ಎತ್ತಬಾರದ ಕೈಗೆ ಹುಟ್ಟು ಕೊಟ್ಟವರು

1996ರ ಜೂನ್ ತಿಂಗಳು. ಕೆನಡಾದ ವ್ಯಾಂಕೂವರ್ ನಗರದ ನಡುವೆ ಚಾಚಿಕೊಂಡಿರುವ ಫಾಲ್ಸ್ ಕ್ರೀಕ್ ಎಂಬ ಕಡಲ ಹಿನ್ನೀರಿನಲ್ಲಿ ಡ್ರ್ಯಾಗನ್ ದೋಣಿಗಳ ಹಬ್ಬ. ಆ ವರ್ಷ ನೀರಿಗಿಳಿದ ದೋಣಿಗಳ ಪೈಕಿ ಒಂದರಲ್ಲಿ ಹುಟ್ಟು ಹಿಡಿದು ಕೂತವರೆಲ್ಲ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಹೆಂಗಸರು. ತಂಡದಲ್ಲಿ ಒಟ್ಟು 24 ಮಂದಿ. ಕಿರಿಯವರಿಗೆ 31 ವರ್ಷ, ಹಿರಿಯರಿಗೆ 62. ಗುಲಾಬಿ ಬಣ್ಣದ ಅಂಗಿ ತೊಟ್ಟು, ನಗಾರಿಯ ಪೆಟ್ಟಿಗೆ ಸರಿಯಾಗಿ ನೀರು ಸೀಳುತ್ತಿದ್ದ ಈ ಹೆಂಗಸರ ದೋಣಿ ಗೆಲ್ಲುತ್ತದೆಂದು ಯಾರೂ ನಿರೀಕ್ಷಿಸಿರಲಿಲ್ಲ. ಗೆಲ್ಲುವುದು ಅವರ ಉದ್ದೇಶವೂ ಆಗಿರಲಿಲ್ಲ. ಆದರೆ ಅವರು ಮಾಡುತ್ತಿದ್ದ ಕೆಲಸವನ್ನು ಮಾಡಲೇಬಾರದು ಎಂಬುದು ಅಂದಿನ ವೈದ್ಯಲೋಕದ ಒಪ್ಪಿತ ಮಾತಾಗಿತ್ತು.

ಯಾವ ಕಡೆಯ ಸ್ತನಕ್ಕೆ ಆಪರೇಷನ್ ಆಗಿದೆಯೋ ಆ ಕಡೆಯ ಕೈಗೆ ಜೀವಮಾನವಿಡೀ ವಿಶ್ರಾಂತಿ ಕೊಡಬೇಕು ಎನ್ನುವುದು ಆಗಿನ ನಿಯಮ. ಮಗುವನ್ನು ಎತ್ತಿಕೊಳ್ಳಬೇಡಿ. ದಿನಸಿಯ ಚೀಲ, ಪ್ರಯಾಣದ ಸೂಟ್‌ಕೇಸ್ ಹಿಡಿಯಬೇಡಿ. ಕೈತೋಟದಲ್ಲಿ ಅಗೆಯಬೇಡಿ, ಟೆನಿಸ್ ಆಡಬೇಡಿ. ಆ ಕೈಗೆ ಸೂಜಿ ಚುಚ್ಚಿಸಿಕೊಳ್ಳಬೇಡಿ, ಬಿ.ಪಿ. ನೋಡುವ ಪಟ್ಟಿಯನ್ನೂ ಕಟ್ಟಿಸಿಕೊಳ್ಳಬೇಡಿ. ಬೇಡ, ಬೇಡ, ಬೇಡ. ಇವನ್ನು ಹೇಳಿದ ವೈದ್ಯರಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಅವರ ಭಯಕ್ಕೆ ಕಾರಣವಿತ್ತು.

ಆ ಕಾರಣದ ಹೆಸರು ಲಿಂಫಿಡೀಮಾ, ಅಂದರೆ ಕೈಬಾವು. ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆಜೊತೆಗೆ ದುಗ್ಧರಸ ಹರಿಯುವ ಸಣ್ಣ ನಾಳಗಳ ಜಾಲವೊಂದಿದೆ. ಅಂಗಾಂಶಗಳಲ್ಲಿ ಉಳಿದ ನೀರನ್ನೂ ಪ್ರೋಟೀನನ್ನೂ ಅದು ಬಳಿದು ಮತ್ತೆ ರಕ್ತಕ್ಕೆ ಸೇರಿಸುತ್ತದೆ. ತೋಟದಲ್ಲಿ ಬಸಿಗಾಲುವೆ ಮಾಡುವ ಕೆಲಸವೇ ಇದು. ತೋಳಿನಿಂದ ಹೊರಟ ಈ ನಾಳಗಳು ಕಂಕುಳಲ್ಲಿರುವ ದುಗ್ಧಗ್ರಂಥಿಗಳ ಮೂಲಕ ಹಾಯುತ್ತವೆ. ಸ್ತನದ ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗಿ ಕೂರುವುದು ಇದೇ ಗ್ರಂಥಿಗಳಲ್ಲಿ. ಹಾಗಾಗಿ ಶಸ್ತ್ರವೈದ್ಯರು ಕಂಕುಳನ್ನೂ ಶುಚಿ ಮಾಡುತ್ತಾರೆ. ಅದರ ಮೇಲೆ ನಮ್ಮ ಹಳ್ಳಿಗಳ ಕಡೆ ‘ಕರೆಂಟು ಕೊಡುವುದು’ ಎನ್ನುವ ರೇಡಿಯೇಷನ್ ಬೇರೆ. ಕಾಲುವೆ ಕಟ್ಟಿದರೆ ತೋಟ ಜೌಗಾಗುತ್ತದೆ, ಕೈ ಊದಿಕೊಳ್ಳುತ್ತದೆ. ಕೆಲವರಿಗೆ ಆಪರೇಷನ್ ಆದ ಕೆಲವೇ ತಿಂಗಳಿಗೆ, ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ. ಒಮ್ಮೆ ಬಂದರೆ ಪೂರ್ತಿ ವಾಸಿಯಾಗುವುದು ಕಷ್ಟ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದೊಂದಿಗೆ ಎದೆಯ ಸ್ನಾಯುಗಳನ್ನೂ ಕಂಕುಳ ಗ್ರಂಥಿಗಳನ್ನೂ ಒಟ್ಟಿಗೇ ತೆಗೆದುಬಿಡುತ್ತಿದ್ದರು. ಅಂಥ ಆಪರೇಷನ್ ಆದವರ ಕೈ ಆನೆಕಾಲು ರೋಗದವರ ಕಾಲಿನಂತೆ ದಪ್ಪವಾಗುವುದನ್ನು ಕಂಡ ವೈದ್ಯ ಪರಂಪರೆ ಒಂದು ಲೆಕ್ಕಕ್ಕೆ ಬಂತು: ಕೈಗೆ ಕೆಲಸ ಹೆಚ್ಚಿದರೆ ರಕ್ತದ ಹರಿವು ಹೆಚ್ಚುತ್ತದೆ, ರಕ್ತ ಹೆಚ್ಚಿದರೆ ದುಗ್ಧರಸ ಹೆಚ್ಚುತ್ತದೆ, ಹೋಗಲು ದಾರಿಯಿಲ್ಲದ ರಸ ಅಲ್ಲೇ ನಿಲ್ಲುತ್ತದೆ. ಕೇಳಲು ಸರಿಯಾಗಿಯೇ ಇದೆ. ಇದನ್ನು ಯಾರೂ ಸರಿಯಾಗಿ ಪರೀಕ್ಷಿಸಿ ನೋಡಿರಲಿಲ್ಲ, ಅಷ್ಟೆ. ಆಪರೇಷನ್‌ನ ವಿಧಾನ ಬದಲಾಗಿ ಸ್ನಾಯುಗಳನ್ನು ಉಳಿಸಲು ಕಲಿತ ಮೇಲೂ ಬುದ್ಧಿಮಾತು ಮಾತ್ರ ಹಾಗೆಯೇ ಉಳಿಯಿತು.

ಆ ಬುದ್ಧಿಮಾತು ಒಂದು ಮನೆಯೊಳಗೆ ಹೇಗೆ ಬದುಕುತ್ತದೆ ಎಂಬುದನ್ನು ನಾನು ನನ್ನ ಚಿಕ್ಕಮ್ಮನಲ್ಲಿ ನೋಡಿದ್ದೇನೆ. ಎಡಗಡೆ ಆಪರೇಷನ್ ಆದ ಮೇಲೆ ಅವಳು ಎಡಗೈಯ ಬಳೆ ತೆಗೆದಿಟ್ಟಳು. ಊದಿದರೆ ಒಡೆಯಬೇಕಾಗುತ್ತದೆ, ಗಾಜು ಚುಚ್ಚಿದರೆ ನಂಜಾಗುತ್ತದೆ ಎಂದು ಯಾರೋ ಹೆದರಿಸಿದ್ದರು. ಬಾವಿಯಿಂದ ನೀರು ಸೇದುವುದು ನಿಂತಿತು. ರೊಟ್ಟಿ ತಟ್ಟುವುದು ಸೊಸೆಯ ಪಾಲಿಗೆ ಹೋಯಿತು. ಮೊಮ್ಮಗಳು ಬಂದು ಸೀರೆಯ ಸೆರಗು ಹಿಡಿದು ಎತ್ತಿಕೋ ಎಂದು ಕಾಡಿದರೆ ಪಕ್ಕದಲ್ಲಿದ್ದವರು ಓಡಿ ಬಂದು ಮಗುವನ್ನು ಎಳೆದುಕೊಂಡು ಹೋಗುತ್ತಿದ್ದರು. ಎಲ್ಲರದೂ ಪ್ರೀತಿಯೇ. ಆ ಪ್ರೀತಿಯ ನಡುವೆ ಚಿಕ್ಕಮ್ಮ ಗೋಡೆಗೆ ಒರಗಿ, ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಅದು ಬೇರೆ ಯಾರದೋ ವಸ್ತು ಎಂಬಂತೆ ಬಲಗೈಯಿಂದ ಸವರುತ್ತ ಕೂರುತ್ತಿದ್ದಳು. ಹೀಗೆ ಕೂರಿಸಿಟ್ಟ ತೋಳು ದಿನೇದಿನೇ ಬಿಗಿಯುತ್ತದೆ, ಭುಜ ಮೇಲೇಳುವುದಿಲ್ಲ, ತಲೆ ಬಾಚುವುದೂ ರವಿಕೆ ತೊಡುವುದೂ ಸಾಹಸವಾಗುತ್ತವೆ.

ವ್ಯಾಂಕೂವರ್‌ನಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಡಾ. ಡಾನ್ ಮೆಕೆಂಜಿ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾವೈದ್ಯರು, ವ್ಯಾಯಾಮ ಶರೀರಶಾಸ್ತ್ರದ ಪ್ರಾಧ್ಯಾಪಕರು. ಕ್ರೀಡಾಪಟುಗಳ ದೇಹವನ್ನು ಬಲ್ಲವರಿಗೆ ಒಂದು ವಿಷಯ ಎದ್ದು ಕಾಣುತ್ತದೆ. ರಕ್ತವನ್ನು ತಳ್ಳಲು ಹೃದಯವಿದೆ. ದುಗ್ಧರಸಕ್ಕೆ ಅಂಥ ಪಂಪಿಲ್ಲ. ಸ್ನಾಯುಗಳು ಬಿಗಿದು ಸಡಿಲಾಗುವಾಗ, ಉಸಿರು ಒಳಹೊರಗೆ ಆಡುವಾಗ ಆಗುವ ಒತ್ತಡ ಅದು ಮುಂದೆ ಸಾಗಲು ನೆರವಾಗುತ್ತದೆ. ಹಾಗಿದ್ದರೆ ಕೈಯನ್ನು ಸುಮ್ಮನೆ ಇಡುವುದರಿಂದ ರಸ ನಿಲ್ಲುವ ಸಾಧ್ಯತೆಯೇ ಹೆಚ್ಚಲ್ಲವೇ? ನಿಧಾನವಾಗಿ, ಹಂತ ಹಂತವಾಗಿ ಕೆಲಸ ಕೊಟ್ಟರೆ ಅದೇ ತೋಳು ತನ್ನ ದಾರಿ ತಾನೇ ಮಾಡಿಕೊಳ್ಳಲಾರದೇ?

ಪರೀಕ್ಷೆಗೆ ಅವರು ಆಯ್ದ ಆಟ ಸುಲಭದ್ದಲ್ಲ. ಡ್ರ್ಯಾಗನ್ ದೋಣಿಯ ಮೂಲ ಚೀನಾದಲ್ಲಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಮಿಲೂವೋ ನದಿಗೆ ಹಾರಿ ಪ್ರಾಣ ಬಿಟ್ಟ ಕವಿ ಚೂ ಯುವಾನ್‌ನನ್ನು ಉಳಿಸಲು ಊರಿನವರು ನಗಾರಿ ಬಾರಿಸುತ್ತ ದೋಣಿಗಳಲ್ಲಿ ಧಾವಿಸಿದರು ಎನ್ನುವುದು ಅಲ್ಲಿನ ಐತಿಹ್ಯ. 1976ರಲ್ಲಿ ಹಾಂಗ್‌ಕಾಂಗ್ ಅದನ್ನು ಅಂತರರಾಷ್ಟ್ರೀಯ ಪಂದ್ಯವಾಗಿಸಿತು. 1986ರಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಎಕ್ಸ್‌ಪೋ ಪ್ರದರ್ಶನದ ಸಲುವಾಗಿ ಹಾಂಗ್‌ಕಾಂಗ್‌ನಿಂದ ಬಂದ ತೇಗದ ದೋಣಿಗಳು ಅಲ್ಲೇ ಬೇರು ಬಿಟ್ಟವು. ದೋಣಿಯ ಉದ್ದ ಸುಮಾರು 12 ಮೀಟರ್. ಹತ್ತು ಅಡ್ಡಹಲಗೆ, ಒಂದೊಂದರಲ್ಲಿ ಇಬ್ಬರಂತೆ 20 ಜನ ಹುಟ್ಟು ಹಾಕುವವರು. ಮುಂದೆ ಡ್ರ್ಯಾಗನ್ ತಲೆಯ ಹಿಂದೆ ನಗಾರಿಯವರು, ಹಿಂದೆ ನಿಂತು ಚುಕ್ಕಾಣಿ ಹಿಡಿದವರು. ನೂರು ಜನ ಕೂರುವ ಕೇರಳದ ಚುಂಡನ್ ವಳ್ಳಂ ನೋಡಿದ ನಮಗೆ ಇದು ಸಣ್ಣದೆನಿಸಬಹುದು. ಆದರೆ ಶ್ರಮದಲ್ಲಿ ಇದೇನೂ ಕಡಿಮೆಯಲ್ಲ.

ಒಂದು ಬೀಸನ್ನು ಹತ್ತಿರದಿಂದ ನೋಡಬೇಕು. ಕೂತವರ ಸೊಂಟ ದೋಣಿಯ ಅಂಚಿಗೆ ಒತ್ತಿರುತ್ತದೆ. ಹುಟ್ಟಿನ ಮೇಲ್ತುದಿಯ ಹಿಡಿಕೆಯನ್ನು ಹಿಡಿದ ಕೈ ತಲೆಯ ಮಟ್ಟಕ್ಕಿಂತ ಮೇಲೆ, ನೀರಿನ ಹೊರಗೆ ಚಾಚಿಕೊಂಡಿರಬೇಕು. ಇನ್ನೊಂದು ಕೈ ಅಲಗಿನ ಸ್ವಲ್ಪ ಮೇಲಿರುತ್ತದೆ. ನಡುವನ್ನು ತಿರುಚಿ, ಮುಂದಿನವರ ಬೆನ್ನ ಪಕ್ಕಕ್ಕೆ ಬಾಗಿ, ಅಲಗು ಪೂರ್ತಿ ಮುಳುಗುವಂತೆ ನಾಟಿ, ಇಡೀ ಬೆನ್ನಿನ ಬಲದಿಂದ ತೊಡೆಯವರೆಗೆ ಎಳೆಯಬೇಕು. ಎಳೆದು ಮುಗಿದ ಕೂಡಲೇ ನೀರಿನಿಂದ ಎತ್ತಿ ಮತ್ತೆ ಮುಂದಕ್ಕೆ. ಸ್ಪರ್ಧೆಯಲ್ಲಿ ಇದು ನಿಮಿಷಕ್ಕೆ 60 ಸಲ, ಅದಕ್ಕೂ ಹೆಚ್ಚು. ಕಂಕುಳಲ್ಲಿ ಹೊಲಿಗೆಯ ಗುರುತು ಇರುವವರಿಗೆ ತೋಳನ್ನು ತಲೆಯ ಮೇಲೆ ಚಾಚುವುದು ಎಂದರೇನೆಂದು ಅನುಭವಿಸಿದವರಿಗೇ ಗೊತ್ತು. ಕೈಬಾವು ಬರಿಸಲೆಂದೇ ಯಾರಾದರೂ ಒಂದು ಆಟ ಹುಡುಕಿದ್ದರೆ ಅದು ಇದೇ ಆಗಿರುತ್ತಿತ್ತು. ಮೆಕೆಂಜಿ ಇದನ್ನೇ ಬೇಕೆಂದು ಆರಿಸಿದರು. ಇಲ್ಲಿ ಬಾವು ಬರದಿದ್ದರೆ ತರಕಾರಿ ಚೀಲದಿಂದ ಖಂಡಿತ ಬರುವುದಿಲ್ಲ.

ಹೆಂಗಸರನ್ನು ಒಮ್ಮೆಗೇ ದೋಣಿಗೆ ಹತ್ತಿಸಲಿಲ್ಲ. ಮೊದಲು ಜಿಮ್‌ನಲ್ಲಿ ಮೈ ಸಡಿಲಿಸುವ ವ್ಯಾಯಾಮ, ಹಗುರ ತೂಕ, ಆಮೇಲೆ ನೀರು. ತೋಳು ಊದುತ್ತಿದೆಯೇ ಎಂದು ಉದ್ದಕ್ಕೂ ನಿಗಾ ಇಟ್ಟಿದ್ದರು. ಪಂದ್ಯಗಳ ಋತು ಮುಗಿದಾಗ ಯಾರಿಗೂ ಹೊಸದಾಗಿ ಕೈಬಾವು ಬಂದಿರಲಿಲ್ಲ. ಮೊದಲೇ ಇದ್ದವರಿಗೆ ಹೆಚ್ಚಾಗಿರಲೂ ಇಲ್ಲ. 1998ರಲ್ಲಿ ಮೆಕೆಂಜಿ ಈ ಅನುಭವವನ್ನು ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬರೆದರು. ಇಪ್ಪತ್ತನಾಲ್ಕು ಜನರ ಮೇಲಿನ ಗಮನಿಕೆ ವಿಜ್ಞಾನದ ಕೊನೆಯ ಮಾತಾಗುವುದಿಲ್ಲ, ನಿಜ. ಆದರೆ ಅಷ್ಟರಲ್ಲಿ ವೈದ್ಯರ ಲೆಕ್ಕದಲ್ಲಿಲ್ಲದ ಒಂದು ಸಂಗತಿ ನಡೆದುಹೋಗಿತ್ತು. ಒಂದು ಋತುವಿಗೆಂದು ಹೊರಟ ಪ್ರಯೋಗವನ್ನು ನಿಲ್ಲಿಸಲು ಹೆಂಗಸರು ಒಪ್ಪಲಿಲ್ಲ. ‘ಅಬ್ರೆಸ್ಟ್ ಇನ್ ಎ ಬೋಟ್’ ಎಂಬ ಆ ತಂಡ ಮರುವರ್ಷವೂ ನೀರಿಗಿಳಿಯಿತು, ಅದರ ಮರುವರ್ಷವೂ.

ಯಾಕೆ ಬಿಡಲಿಲ್ಲ? ಕೆನಡಾದ ಸಂಶೋಧಕಿಯರು ಆಮೇಲೆ ಇಂಥ ತಂಡಗಳ ಹೆಂಗಸರನ್ನು ಕೂರಿಸಿ ಕೇಳಿದ್ದಾರೆ. ರೋಗಿಗಳ ಬೆಂಬಲ ಗುಂಪುಗಳಿಗೆ ಹೋಗಲು ಮನಸ್ಸಾಗದವರು ದೋಣಿಗೆ ಬಂದಿದ್ದರು. ದುಂಡಗೆ ಕುರ್ಚಿ ಹಾಕಿಕೊಂಡು ಕಾಯಿಲೆಯ ಕಥೆ ಹೇಳುತ್ತ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ. ದೋಣಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಿಕೊಂಡು ಕೂತಿರುವುದಿಲ್ಲ. ಎಲ್ಲರ ಕಣ್ಣೂ ಮುಂದೆ. ಕಾಣುವುದು ಮುಂದಿನವರ ಬೆನ್ನು, ಅವರ ಹುಟ್ಟು ಏಳುವ ಗಳಿಗೆ. ಎದೆಯ ಒಂದು ಪಕ್ಕ ಚಪ್ಪಟೆಯಾಗಿದೆಯೇ, ತಲೆಗೂದಲು ಇನ್ನೂ ಬರಬೇಕೇ ಎಂದು ಯಾರೂ ನೋಡುವುದಿಲ್ಲ. ಮಾತು ಬೇಕೆನಿಸಿದಾಗ ದಡದಲ್ಲಿ, ದೋಣಿ ಕಟ್ಟುವಾಗ, ಒದ್ದೆ ಬಟ್ಟೆ ಬದಲಿಸುವಾಗ ಬರುತ್ತದೆ. ನಿಮಗೂ ರಾತ್ರಿ ಹೀಗೆ ಉರಿಯುತ್ತಿತ್ತೇ ಎಂದು ಒಬ್ಬಳು ಕೇಳಿದರೆ ಹತ್ತು ಜನ ಹೌದೆನ್ನುತ್ತಾರೆ. ಆ ಮಾತನ್ನು ಗಂಡನಲ್ಲಾಗಲಿ ಮಕ್ಕಳಲ್ಲಾಗಲಿ ಆಡಲು ಆಗಿರುವುದಿಲ್ಲ.

ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು. ಕ್ಯಾನ್ಸರ್ ಆದವರನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಅವರಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ದೋಣಿಯಲ್ಲಿ ಮಾತ್ರ ಮೂರನೇ ಹಲಗೆಯ ಎಡಗಡೆ ಕೂರುವವಳು ಬರದಿದ್ದರೆ ಉಳಿದವರಿಗೆ ತೊಂದರೆ. ತೂಕ ಸರಿಹೋಗುವುದಿಲ್ಲ, ಲಯ ಕೂಡುವುದಿಲ್ಲ. ಬಾ, ನೀನಿಲ್ಲದೆ ಆಗುವುದಿಲ್ಲ ಎಂದು ಯಾರಾದರೂ ಕರೆಯುವುದು ಚಿಕಿತ್ಸೆ ಮುಗಿಸಿ ಮನೆಗೆ ಬಂದ ಹೆಂಗಸಿಗೆ ಎಷ್ಟು ದೊಡ್ಡ ಔಷಧ ಎಂಬುದನ್ನು ಚಿಕ್ಕಮ್ಮನ ಮಡಿಲಲ್ಲಿದ್ದ ಆ ಕೈಯನ್ನು ನೆನೆದಾಗಲೆಲ್ಲ ಯೋಚಿಸುತ್ತೇನೆ.

ಹಾಗೆ ಕರೆಯುವವರೇ ಈ ಚಳವಳಿಯ ನಿಜವಾದ ನಾಯಕಿಯರು. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದಲ್ಲಿ 1998ರಲ್ಲಿ ‘ಡ್ರ್ಯಾಗನ್ಸ್ ಅಬ್ರೆಸ್ಟ್’ ಶುರುಮಾಡಿದ ಮಿಶೆಲ್ ಹ್ಯಾಂಟನ್ ತಾವೇ ಸ್ತನ ಕ್ಯಾನ್ಸರ್‌ನಿಂದ ಗುಣವಾಗಿ ಬಂದವರು. ಸಿಡ್ನಿ, ಮೆಲ್ಬರ್ನ್‌ಗಳಂಥ ದೊಡ್ಡ ಊರುಗಳಿಂದ ಸಾವಿರಾರು ಕಿಲೋಮೀಟರ್ ದೂರದ ಒಂದು ಮೂಲೆಯಿಂದ ಹೊರಟ ಈ ಕೆಲಸ ಇಡೀ ದೇಶಕ್ಕೆ ಹಬ್ಬಿತು. ಮುಂದೆ ಆ ದೇಶ ಅವರಿಗೆ ‘ಮೆಡಲ್ ಆಫ್ ದಿ ಆರ್ಡರ್ ಆಫ್ ಆಸ್ಟ್ರೇಲಿಯಾ’ ಗೌರವ ಕೊಟ್ಟಿತು.

ಒಂದು ತಂಡ ಕಟ್ಟುವವಳ ಕೆಲಸವನ್ನು ಹೊರಗಿನವರು ಕಾಣುವುದಿಲ್ಲ. ದೋಣಿ ಕೊಳ್ಳಲು ಹಣವಿರುವುದಿಲ್ಲ, ಯಾವುದಾದರೂ ಕ್ಲಬ್ಬಿನ ಬಾಗಿಲು ತಟ್ಟಿ ವಾರಕ್ಕೊಂದೆರಡು ಗಂಟೆ ಬೇಡಿ ತರಬೇಕು. ತಾಳ್ಮೆಯುಳ್ಳ ತರಬೇತುದಾರರು ಸಿಗಬೇಕು. ಈಜು ಬಾರದವರಿಗೆ ಲೈಫ್ ಜಾಕೆಟ್, ವಿಮೆ, ವೈದ್ಯರ ಒಪ್ಪಿಗೆ. ಆಸ್ಪತ್ರೆಯ ನರ್ಸ್‌ಗಳ ಪರಿಚಯ ಮಾಡಿಕೊಂಡು, ಚಿಕಿತ್ಸೆ ಮುಗಿಸಿದವರಿಗೆ ಈ ದೋಣಿಯ ಸುದ್ದಿ ಮುಟ್ಟಿಸುವಂತೆ ಕೇಳಿಕೊಳ್ಳಬೇಕು. ಬಂದವಳು ಮೊದಲ ದಿನ ದಡದಲ್ಲೇ ನಿಂತು ನೋಡಿ ಹೊರಟುಹೋದರೆ ಸಂಜೆ ಫೋನ್ ಮಾಡಬೇಕು. ಕೀಮೋದ ಆಯಾಸ ಇನ್ನೂ ಇಳಿಯದವರನ್ನು ಹುಟ್ಟು ಬಿಟ್ಟು ಸುಮ್ಮನೆ ಕೂರುವಂತೆ ಒಪ್ಪಿಸಬೇಕು, ಅದಕ್ಕೂ ನಾಯಕಿಯೇ ಬೇಕು. ಮತ್ತೆ, ಗೆಲ್ಲಲೇಬೇಕು ಎನ್ನುವವರಿಗೂ ಬಂದರೆ ಸಾಕು ಎನ್ನುವವರಿಗೂ ಒಂದೇ ದೋಣಿಯಲ್ಲಿ ಜಾಗ ಮಾಡಬೇಕು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದೆಂದು ಎಂಥ ಸಂಘ ನಡೆಸಿದವರೂ ಒಪ್ಪುತ್ತಾರೆ.

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಪಿಂಕ್ ಫೀನಿಕ್ಸ್, ಸಿಂಗಪುರದಲ್ಲಿ ಅಲ್ಲಿನ ಸ್ತನ ಕ್ಯಾನ್ಸರ್ ಪ್ರತಿಷ್ಠಾನದ ಪ್ಯಾಡ್ಲರ್ಸ್, ಇಟಲಿಯಲ್ಲಿ ಫ್ಲಾರೆನ್ಸ್ ಡ್ರ್ಯಾಗನ್ ಲೇಡಿ ಹೀಗೆ ತಂಡಗಳು ಹುಟ್ಟಿದವು. 2005ರಲ್ಲಿ, ಹತ್ತನೆಯ ವರ್ಷಕ್ಕೆ, ಎಲ್ಲ ದೇಶಗಳ ತಂಡಗಳು ವ್ಯಾಂಕೂವರ್‌ನಲ್ಲೇ ಸೇರಿದವು. ಆಮೇಲೆ 2007ರಲ್ಲಿ ಆಸ್ಟ್ರೇಲಿಯಾದ ಕಲೌಂಡ್ರಾ, 2010ರಲ್ಲಿ ಕೆನಡಾದ ಪೀಟರ್‌ಬರೋ, 2014ರಲ್ಲಿ ಅಮೆರಿಕದ ಸಾರಸೋಟ. 2018ರಲ್ಲಿ ಫ್ಲಾರೆನ್ಸ್‌ನ ಆರ್ನೊ ನದಿಯಲ್ಲಿ ಸುಮಾರು ನಾಲ್ಕು ಸಾವಿರ ಜನ. ಕೋವಿಡ್‌ನಿಂದ ಮುಂದೆ ಹೋದ ನ್ಯೂಜಿಲೆಂಡ್‌ನ ಉತ್ಸವ 2023ರ ಏಪ್ರಿಲ್‌ನಲ್ಲಿ ಕರಾಪಿರೊ ಸರೋವರದಲ್ಲಿ ನಡೆಯಿತು. ಈ ತಂಡಗಳನ್ನು ಒಗ್ಗೂಡಿಸಲು 2010ರಲ್ಲಿ ಅಂತರರಾಷ್ಟ್ರೀಯ ಆಯೋಗವೊಂದು ಸ್ಥಾಪನೆಯಾಗಿದೆ. ಇಂದು 30ಕ್ಕೂ ಹೆಚ್ಚು ದೇಶಗಳಲ್ಲಿ 300ಕ್ಕೂ ಹೆಚ್ಚು ತಂಡಗಳಿವೆ. ಸೇರಲು ಇರುವ ಅರ್ಹತೆ ಒಂದೇ, ಸ್ತನ ಕ್ಯಾನ್ಸರ್ ಆಗಿರಬೇಕು. ವಯಸ್ಸು, ಕಸುಬು, ಕಸುವು ಯಾವುದನ್ನೂ ಕೇಳುವುದಿಲ್ಲ.

ಇವರ ಉತ್ಸವಗಳಲ್ಲಿ ಪಂದ್ಯ ಮುಗಿದ ಮೇಲೆ ದೋಣಿಗಳು ಮಗ್ಗುಲಿಗೆ ಮಗ್ಗುಲು ತಾಗುವಂತೆ ಬಂದು ನಿಲ್ಲುತ್ತವೆ. ಒಂದು ದೋಣಿಯವರು ಪಕ್ಕದ ದೋಣಿಯವರ ಕೈ ಹಿಡಿಯುತ್ತಾರೆ. ಎಲ್ಲರೂ ಒಟ್ಟಿಗೆ ಗುಲಾಬಿ ಬಣ್ಣದ ಹೂಗಳನ್ನು ನೀರಿಗೆ ಎಸೆಯುತ್ತಾರೆ. ತೀರಿಕೊಂಡವರಿಗೆ, ಈಗ ಆಸ್ಪತ್ರೆಯಲ್ಲಿರುವವರಿಗೆ. ಸ್ತನ ಕ್ಯಾನ್ಸರ್ ವರ್ಷಗಳ ನಂತರವೂ ಮರುಕಳಿಸಬಲ್ಲದು. ಹೋದ ವರ್ಷ ಜೊತೆಗೆ ಹುಟ್ಟು ಹಾಕಿದವಳು ಈ ವರ್ಷ ಇಲ್ಲದಿರಬಹುದು. ಹೀಗೆ ಮತ್ತೆ ಮತ್ತೆ ಸಾವು ಕಾಣುವ ಕಡೆಗೆ ಯಾಕೆ ಹೋಗುತ್ತೀರಿ ಎಂದು ಮನೆಯವರು ಕೇಳುವುದು ಸಹಜ. ದೋಣಿಯಲ್ಲಾದರೆ ಅತ್ತದ್ದಕ್ಕೆ ವಿವರಣೆ ಕೊಡಬೇಕಿಲ್ಲ, ಅತ್ತ ಮೇಲೆ ಮಾಡಲು ಕೆಲಸವೂ ಇರುತ್ತದೆ.

ಮೆಕೆಂಜಿಯವರ ಸಣ್ಣ ಪ್ರಯೋಗ ಎತ್ತಿದ ಪ್ರಶ್ನೆಗೆ ದೊಡ್ಡ ಉತ್ತರಗಳು ಮುಂದೆ ಬಂದವು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥರಿನ್ ಷ್ಮಿಟ್ಜ್ ಮತ್ತು ಸಂಗಡಿಗರು ಆಗಲೇ ಕೈಬಾವು ಇದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆರಡು ದಿನ ಕ್ರಮೇಣ ಹೆಚ್ಚುವ ತೂಕ ಎತ್ತಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೂಕ ಎತ್ತಿದವರ ಕೈ ಹೆಚ್ಚು ಊದಲಿಲ್ಲ. ಬಾವು ಉಲ್ಬಣಿಸಿದ್ದು ಎತ್ತಿದವರಲ್ಲಿ ಶೇ 14, ಎತ್ತದವರಲ್ಲಿ ಶೇ 29. ಮರುವರ್ಷ, ಬಾವು ಇನ್ನೂ ಬಾರದ 154 ಮಂದಿಯ ಮೇಲಿನ ಅಧ್ಯಯನ. ಐದು ಅಥವಾ ಹೆಚ್ಚು ಗ್ರಂಥಿ ತೆಗೆಸಿಕೊಂಡಿದ್ದವರಲ್ಲಿ, ಅಂದರೆ ಹೆಚ್ಚು ಅಪಾಯವಿದ್ದವರಲ್ಲಿ, ತೂಕ ಎತ್ತಿದ ಗುಂಪಿನ ಶೇ 7 ಮಂದಿಗೆ ಕೈ ಊದಿತು. ಎತ್ತದವರಲ್ಲಿ ಅದು ಶೇ 22. ಕೈಯನ್ನು ಕಾಪಾಡಲೆಂದು ಹೇಳಿದ ಮಾತು ಕೈಗೆ ಒಳ್ಳೆಯದು ಮಾಡಿರಲಿಲ್ಲ.

ಇದನ್ನೆಲ್ಲ ಇಲ್ಲಿ ಕೂತು ಬರೆಯಲು ಕಾರಣವಿದೆ. ಭಾರತದ ಹೆಂಗಸರಲ್ಲಿ ಈಗ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣ. ನಮ್ಮಲ್ಲಿ ಅನೇಕರು ಗಂಟು ದೊಡ್ಡದಾದ ಮೇಲೆ ಬರುವುದರಿಂದ ಸ್ತನವನ್ನು ಪೂರ್ತಿ ತೆಗೆಯುವ, ಕಂಕುಳನ್ನು ಶುಚಿ ಮಾಡುವ ಆಪರೇಷನ್ ಇಂದಿಗೂ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮುಂದೆ ದೂರದ ಜಿಲ್ಲೆಗಳಿಂದ ಬಸ್ಸು ಹಿಡಿದು ಬಂದು ಫೈಲು ಎದೆಗವುಚಿ ನಿಂತ ಹೆಂಗಸರನ್ನು ನೋಡಿದರೆ ಸಾಕು. ಕೊಯ್ಲು, ಕಳೆ, ಬಟ್ಟೆ ಒಗೆತ, ನೀರು ಹೊರುವುದು, ಬೀಡಿ ಕಟ್ಟುವುದು ಇವರ ಬದುಕು. ‘ಆ ಕೈಯಲ್ಲಿ ಕೆಲಸ ಮಾಡಬೇಡಿ’ ಎಂದರೆ ಅವರ ಮುಂದೆ ಉಳಿಯುವುದು ಎರಡೇ ದಾರಿ. ಒಂದೋ ಕೂಲಿ ಬಿಡಬೇಕು, ಇಲ್ಲವೇ ಮಾತು ಮೀರಿದೆನೆಂದು ಹೆದರುತ್ತ ದುಡಿಯಬೇಕು. ಹೇಗೆ ಎತ್ತಬೇಕು, ಎಷ್ಟರಿಂದ ಶುರುಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳಿಕೊಡುವವರು ಬೇಕು.

ಡ್ರ್ಯಾಗನ್ ದೋಣಿ ನಮ್ಮ ತಾಲ್ಲೂಕುಗಳಿಗೆ ಬರಬೇಕೆಂದು ನಾನು ಹೇಳುತ್ತಿಲ್ಲ. ಅದರ ಒಳಗಿರುವುದು ಬರಬಹುದು. ಆಪರೇಷನ್ ಆದ ವಾರ ಹತ್ತು ದಿನದೊಳಗೇ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಭುಜದ ವ್ಯಾಯಾಮ ಶುರುವಾದರೆ ವರ್ಷದ ನಂತರ ಕೈ ಚೆನ್ನಾಗಿ ಆಡುತ್ತದೆಂದು 2021ರಲ್ಲಿ ಬ್ರಿಟನ್ನಿನ ಅಧ್ಯಯನವೂ ತೋರಿಸಿದೆ. ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸುವುದು, ಕೋಲು ಹಿಡಿದು ಎರಡೂ ತೋಳು ಎತ್ತುವುದು, ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿ, ಹೀಗೆ ಹಂತ ಹಂತವಾಗಿ. ಆಗಲೇ ಕೈ ಊದಿದ್ದವರು ಕೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ತೋಳಚೀಲ ತೊಟ್ಟು, ತಿಳಿದವರ ಕಣ್ಣಳತೆಯಲ್ಲಿ ಮಾಡಬೇಕು. ಕೈ ಭಾರವಾಯಿತು, ಕೆಂಪಾಯಿತು, ಬಿಸಿಯಾಯಿತು ಎಂದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. ಆಸ್ಪತ್ರೆಯಿಂದ ಹೊರಡುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಈ ಕೈಗೆ ನಾಳೆಯಿಂದ ಏನು ಕೆಲಸ ಕೊಡಲಿ?’

ಒಬ್ಬಳೇ ಗೋಡೆಗೆ ಎದುರಾಗಿ ನಿಂತು ಮಾಡುವ ವ್ಯಾಯಾಮ ಎರಡನೇ ವಾರಕ್ಕೆ ನಿಂತುಹೋಗುತ್ತದೆ. ಹಾಗಾಗಿ ಕರೆಯುವ ಒಬ್ಬಳು ಬೇಕು. ಕರ್ನಾಟಕದ ಊರೂರಿನಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ಆಶಾ ಕಾರ್ಯಕರ್ತೆಯರಿದ್ದಾರೆ. ಯಾರ ಮನೆಯಲ್ಲಿ ಯಾರಿಗೆ ಆಪರೇಷನ್ ಆಗಿದೆಯೆಂದು ಅವರಿಗೆ ತಿಳಿದಿರುತ್ತದೆ, ಆ ಮನೆಯವರು ಗುಟ್ಟಾಗಿಟ್ಟಿದ್ದರೂ ಸಹ. ಚಿಕಿತ್ಸೆ ಮುಗಿಸಿದ ಒಬ್ಬಾಕೆ ಮೊದಲು ಮುಂದೆ ಬಂದು, ‘ಅಕ್ಕಾ, ನನಗೂ ಆಗಿತ್ತು, ಭಾನುವಾರ ಬೆಳಿಗ್ಗೆ ಬನ್ನಿ’ ಎಂದು ಇನ್ನೊಂದು ಮನೆಯ ಬಾಗಿಲಲ್ಲಿ ನಿಂತು ಹೇಳಬೇಕು. ನಾಲ್ಕು ಜನ ಸಿಕ್ಕರೂ ಸಾಕು, ತಾಲ್ಲೂಕು ಆಸ್ಪತ್ರೆಯಿಂದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಂದು ಸಲ ಕರೆಸಿಕೊಂಡು ಕಲಿಯಬಹುದು. ಜಾಗಕ್ಕೆ ಚಿಂತೆ ಬೇಡ, ಶಾಲೆಯ ಮೈದಾನ ಭಾನುವಾರ ಖಾಲಿಯೇ ಇರುತ್ತದೆ.